ಗಡಸು ನೀರಿನ ಉಪಯೋಗ: ತಡವಾಗಿ ಬಂದ ಉತ್ತರ



1986ರಲ್ಲಿ ಚಿತ್ರದುರ್ಗದ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಒಂಬತ್ತನೆಯ ತರಗತಿಗೆ ನೀರಿನ ಗಡಸುತನದ ಪಾಠ ಮಾಡುತ್ತಿದ್ದೆ. ಸಾಬೂನು ನೊರೆಗಟ್ಟದು, ಬೇಳೆ ಬೇಯದು, ಬಾಯ್ಲರಿನೊಳಗೆ ಬಿಳಿಯ ಪದರ ಕೂರುತ್ತದೆ ಎಂದು ದೋಷಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಯುತ್ತಿರುವಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಅದರಿಂದ ಉಪಯೋಗವೇ ಇಲ್ಲವಾ?” ಎಂದು ಕೇಳಿದ. ಅವನ ಊರಿನ ಬಾವಿಯ ನೀರು ಗಡಸು. ಉತ್ತರ ನನಗೆ ಗೊತ್ತಿರಲಿಲ್ಲ. “ಪರೀಕ್ಷೆಗೆ ಬರುವುದನ್ನು ಕೇಳು, ಕುಳಿತುಕೋ” ಎಂದೆ. ತರಗತಿ ನಕ್ಕಿತು. ಆ ವರ್ಷ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ.

ಕಳೆದ ತಿಂಗಳು ಇಂಗ್ಲೆಂಡಿನಲ್ಲಿರುವ ಇನ್ನೊಬ್ಬ ಹಳೆಯ ವಿದ್ಯಾರ್ಥಿ ವಿಡಿಯೋ ಕರೆ ಮಾಡಿ, “ಬೈಯಬೇಡಿ ಸಾರ್” ಎಂಬ ಪೀಠಿಕೆಯೊಂದಿಗೆ, ತಾನು ಮನೆಯಲ್ಲೇ ಬಿಯರ್ ತಯಾರಿಸುವ ಪಾತ್ರೆಯನ್ನು ತೋರಿಸಿದ. ಆ ದೇಶದಲ್ಲಿ 1963ರಿಂದ ಸ್ವಂತ ಬಳಕೆಗೆ ಹಾಗೆ ಮಾಡಲು ಪರವಾನಗಿ ಬೇಕಿಲ್ಲ. ಮದ್ಯ ಮುಟ್ಟದ ನನ್ನ ಗಮನ ಸೆಳೆದದ್ದು ಪಾತ್ರೆಯಲ್ಲ, ಪಕ್ಕದಲ್ಲಿದ್ದ ಪೊಟ್ಟಣ. ಅವನ ಊರಿನ ನೀರು ಮೆದು. ಆದ್ದರಿಂದ ಇಪ್ಪತ್ತು ಲೀಟರಿಗೆ ಐದು ಗ್ರಾಂ ಜಿಪ್ಸಂ ಬೆರೆಸುತ್ತಾನಂತೆ! ನಾವು ದೋಷವೆಂದು ಕಲಿಸಿದ್ದನ್ನು ಅವನು ಹಣ ಕೊಟ್ಟು ತಂದು ಹಾಕುತ್ತಿದ್ದ. ಇದರ ಹಿಂದಿನ ಚರಿತ್ರೆಯನ್ನು ಹುಡುಕಿ ಓದಿದಾಗ ನನಗೆ ಸಿಕ್ಕಿದ್ದು ಒಂದು ಊರಿನ ಕಥೆ.

ಇಂಗ್ಲೆಂಡಿನ ಮಧ್ಯಭಾಗದಲ್ಲಿ ಟ್ರೆಂಟ್ ನದಿಯ ದಡದಲ್ಲಿ ಬರ್ಟನ್ ಎಂಬ ಪಟ್ಟಣವಿದೆ. ಅಲ್ಲಿನ ಬಾವಿಗಳ ನೀರು ಜಿಪ್ಸಂ ಪದರಗಳ ನಡುವೆ ಹರಿದು ಬರುವುದರಿಂದ ಅದರಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ವಿಪುಲವಾಗಿದೆ. ಬರ್ಟನ್ನಿನವರು ತಮ್ಮ ಬಿಯರನ್ನು ರಷ್ಯಾಕ್ಕೆ ಮಾರುತ್ತಿದ್ದರು. 1822ರಲ್ಲಿ ರಷ್ಯಾ ಸುಂಕದ ಗೋಡೆ ಕಟ್ಟಿದಾಗ ಆ ವ್ಯಾಪಾರ ಕುಸಿಯಿತು. ಆಗ ಸ್ಯಾಮ್ಯುಯೆಲ್ ಆಲ್ಸಪ್ ಎಂಬ ತಯಾರಕ ಭಾರತದತ್ತ ನೋಡಿದ. ಇಲ್ಲಿನ ಆಂಗ್ಲರಿಗಾಗಿ ಲಂಡನ್ನಿನ ಹಾಡ್ಜ್‌ಸನ್ ಮನೆತನದವರು ತಿಳಿಬಣ್ಣದ ಕಹಿ ಬಿಯರನ್ನು ಹಡಗಿನಲ್ಲಿ ಕಳಿಸುತ್ತಿದ್ದರು. ಅದೇ ಬಗೆಯನ್ನು ಬರ್ಟನ್ನಿನ ನೀರಿನಲ್ಲಿ ಮಾಡಿದಾಗ ಅದು ಇನ್ನೂ ತಿಳಿಯಾಗಿ, ಹಾಪ್ಸ್ ಹೂವಿನ ಕಹಿ ಇನ್ನೂ ಸ್ಪಷ್ಟವಾಗಿ ಬಂತು. ಪಟ್ಟಣದ ಭಾಗ್ಯ ತೆರೆಯಿತು. ಉಚ್ಛ್ರಾಯ ಕಾಲದಲ್ಲಿ ಬ್ರಿಟನ್ನಿನಲ್ಲಿ ಮಾರಾಟವಾಗುತ್ತಿದ್ದ ಬಿಯರಿನ ಕಾಲು ಭಾಗ ಆ ಒಂದೇ ಊರಿನದಾಗಿತ್ತು. ಲಂಡನ್ನಿನ ದೊಡ್ಡ ಕಂಪನಿಗಳು ನೀರಿಗಾಗಿಯೇ ಅಲ್ಲಿ ಶಾಖೆ ತೆರೆದವು.

ನಡುವೆ ಒಂದು ಅಪವಾದವೂ ಬಂತು. ಬರ್ಟನ್ನಿನವರು ಬಿಯರಿಗೆ ಕಲಬೆರಕೆ ಮಾಡುತ್ತಾರೆಂದು ಪುಸ್ತಕವೊಂದು ಆಪಾದಿಸಿತು. 1830ರ ಸುಮಾರಿಗೆ ತಯಾರಕರು ನ್ಯಾಯಾಲಯದ ಮೆಟ್ಟಿಲೇರಿದರು. ಜಿಪ್ಸಂ ಇರುವುದು ನಿಜ, ಆದರೆ ಅದನ್ನು ಹಾಕಿದ್ದು ನಾವಲ್ಲ, ಅದು ನಮ್ಮ ಬಾವಿಯಲ್ಲೇ ಇದೆ ಎಂಬುದು ಅವರ ವಾದವಾಗಿತ್ತು.

ಆದರೆ ಆ ಸಮರ್ಥನೆಯಲ್ಲೇ ಊರಿನ ಗುಟ್ಟು ಹೊರಬಿದ್ದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವಿನ್ಸೆಂಟ್ ಎಂಬ ರಸಾಯನವಿಜ್ಞಾನಿ, ಜಿಪ್ಸಂ ಬೆರೆಸಿ ಯಾವ ಊರಿನ ನೀರನ್ನಾದರೂ ಬರ್ಟನ್ನಿನ ನೀರಿನಂತೆ ಮಾಡುವ ವಿಧಾನವನ್ನು ನಿರೂಪಿಸಿದ. ಈ ಕ್ರಿಯೆಗೆ ‘ಬರ್ಟನೈಸೇಷನ್’ ಎಂದೇ ಹೆಸರಾಯಿತು. ಹೆಸರು ಊರಿಗೆ ಉಳಿಯಿತು, ನೀರಿನ ಏಕಸ್ವಾಮ್ಯ ಹೋಯಿತು. ಒಂದು ಕಾಲದಲ್ಲಿ ಕಲಬೆರಕೆ ಎನಿಸಿಕೊಂಡದ್ದು ಈಗ ವಿದ್ಯೆಯಾಗಿತ್ತು.

ಇನ್ನು ಕಾರಣ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದಾಗ ಅದರ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಈ ಕೆಲಸಕ್ಕೆ ತುಸು ಆಮ್ಲೀಯತೆ ಬೇಕು. ನೀರಿನ ಕ್ಯಾಲ್ಸಿಯಂ ಬಾರ್ಲಿಯ ಫಾಸ್ಫೇಟಿನೊಡನೆ ಕೂಡಿ ತಳಕ್ಕಿಳಿಯುತ್ತದೆ, ಆಗ ಹೈಡ್ರೋಜನ್ ಅಯಾನುಗಳು ಬಿಡುಗಡೆಯಾಗಿ ದ್ರಾವಣ ಆಮ್ಲೀಯವಾಗುತ್ತದೆ. ಬೈಕಾರ್ಬೊನೇಟ್ ಇದಕ್ಕೆ ಅಡ್ಡಿ. ಲಂಡನ್ ಮತ್ತು ಡಬ್ಲಿನ್‌ಗಳ ನೀರಿನಲ್ಲಿ ಅದು ಹೆಚ್ಚು. ಅಲ್ಲಿ ಕಪ್ಪು ಬಿಯರು ಚೆನ್ನಾಗಿ ಆದದ್ದಕ್ಕೆ ಇದೂ ಒಂದು ಕಾರಣ, ಏಕೆಂದರೆ ಹುರಿದ ಕಾಳಿಗೆ ತನ್ನದೇ ಆದ ಆಮ್ಲೀಯತೆಯಿದೆ. ಬೊಹಿಮಿಯಾದ ಪಿಲ್ಸೆನ್ ಪಟ್ಟಣದ ನೀರು ಅತಿ ಮೆದು. 1842ರಲ್ಲಿ ಅಲ್ಲಿ ಹುಟ್ಟಿದ ಹೊಂಬಣ್ಣದ ಬಿಯರು ಆ ನೀರಿಗೆ ಒಪ್ಪಿತು. ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾನವನ್ನು ಸೋರೆನ್‌ಸೆನ್ 1909ರಲ್ಲಿ ರೂಪಿಸಿದ್ದೂ ಕೋಪನ್‌ಹೇಗನ್ನಿನ ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲೇ. ನಾನು ವರ್ಷಗಟ್ಟಲೆ ಲಿಟ್ಮಸ್ ಕಾಗದ ಹಿಡಿದು ಪಿಎಚ್ ಪಾಠ ಮಾಡಿದೆ, ಈ ಸಂಗತಿಯನ್ನು ಒಮ್ಮೆಯೂ ಹೇಳಲಿಲ್ಲ.

ನೆನಪಿದೆಯೇ, ತಾತ್ಕಾಲಿಕ ಗಡಸುತನ, ಶಾಶ್ವತ ಗಡಸುತನ? ಕುದಿಸಿದರೆ ಬೈಕಾರ್ಬೊನೇಟ್ ಸುಣ್ಣವಾಗಿ ತಳದಲ್ಲಿ ಕೂರುತ್ತದೆ, ಸಲ್ಫೇಟ್ ಉಳಿಯುತ್ತದೆ. ನೀವು ಎರಡು ಅಂಕಕ್ಕೆ ಬಾಯಿಪಾಠ ಮಾಡಿದ ಈ ಭೇದವೇ ಲಂಡನ್ನಿಗೂ ಬರ್ಟನ್ನಿಗೂ ಇದ್ದ ಭೇದ. ಇಂಗ್ಲೆಂಡಿನ ನನ್ನ ಶಿಷ್ಯನ ಐದು ಗ್ರಾಂ ಜಿಪ್ಸಂ ಲೀಟರಿಗೆ ಸುಮಾರು 58 ಮಿಲಿಗ್ರಾಂ ಕ್ಯಾಲ್ಸಿಯಂ, 140 ಮಿಲಿಗ್ರಾಂ ಸಲ್ಫೇಟ್ ಸೇರಿಸುತ್ತದೆ. ಲೆಕ್ಕವನ್ನು ನಾನೇ ಮಾಡಿ ನೋಡಿದೆ, ನೀವೂ ಮಾಡಿ ನೋಡಿ.

ನೀರಿನಲ್ಲಿ ದೋಷವೆಂಬುದು ನೀರಿನದಲ್ಲ, ನಾವು ಅದರಿಂದ ಬಯಸುವ ಕೆಲಸದ್ದು. ಬಟ್ಟೆ ಒಗೆಯಲು ಬಾರದ ನೀರು ಒಂದು ಪಟ್ಟಣವನ್ನು ಪೊರೆಯಿತು. ಇದನ್ನು ಹೇಳಲು ಮದ್ಯದ ಉದಾಹರಣೆಯೇ ಬೇಕಿತ್ತೇ ಎಂದು ಮನೆಯವರು ಕೇಳಿದರು. ಚರಿತ್ರೆ ನಮ್ಮ ಮಡಿಯನ್ನು ನೋಡಿ ನಡೆಯುವುದಿಲ್ಲವಲ್ಲ!

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾನೋ ನನಗೆ ತಿಳಿಯದು. ನಿಮ್ಮಲ್ಲಿ ಆ ತರಗತಿಯಲ್ಲಿ ನಕ್ಕವರು ಯಾರಾದರೂ ಇದ್ದರೆ, ಅವನಿಗೆ ಈ ಬರಹವನ್ನು ದಯವಿಟ್ಟು ತಲುಪಿಸಿ. ಉಪಯೋಗವಿದೆಯಪ್ಪ, ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಅಂದು ಕುಳಿತುಕೊಳ್ಳಬೇಕಾಗಿದ್ದವನು ನಾನು.