ತಾಳಿ ಕಟ್ಟಿದ ಮೇಲಿನ ಪ್ರೀತಿ

ಶಿವಮೊಗ್ಗದಿಂದ ಸಾಗರದ ಕಡೆ ಬರುವ ರೈಲಿಗೆ ಕುಂಸಿಯ ನಂತರ ಅರಸಾಳು ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಹೊಸನಗರ ತಾಲ್ಲೂಕಿಗೆ ಸೇರಿದ್ದು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಮಾಡುವಾಗ ಇದೇ ಮಾಲ್ಗುಡಿ ನಿಲ್ದಾಣವಾಗಿತ್ತು. ಬೀದಿ, ಮನೆ, ಜಗಲಿಗಳೆಲ್ಲ ಹೆಚ್ಚಾಗಿ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯವು. ಅರಸಾಳಿನ ಹಳೆಯ ಕಟ್ಟಡವನ್ನು ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಜನ ಅಲ್ಲಿ ಇಳಿದು ಫೋಟೋ ತೆಗೆಸಿಕೊಂಡು, ಸ್ವಾಮಿಯ ಹೆಸರು ಹೇಳಿ ಮುಂದೆ ಹೋಗುತ್ತಾರೆ.

ನಮ್ಮ ಸೀಮೆಯಲ್ಲಿ ತಯಾರಾಗಿ ದೇಶವೆಲ್ಲ ನೋಡಿದ ಆ ಧಾರಾವಾಹಿಯನ್ನು ಇತ್ತೀಚೆಗೆ ಮತ್ತೆ ನೋಡಿದಾಗ ನನಗೆ ಹೊಳೆದದ್ದು ಒಂದು ಕೊರತೆ. 1986-87ರ ಆ 39 ಕಂತುಗಳಲ್ಲಿ ಪ್ರೇಮಕ್ಕೆ ಸಿಕ್ಕ ಜಾಗ ತೀರಾ ಕಡಿಮೆ. ಹುಡುಗರು, ಮುದುಕರು, ಜ್ಯೋತಿಷಿ, ಅಂಚೆಯವ, ಸಾಲಗಾರರು. ಪ್ರೀತಿ ಬಂದಲ್ಲಿಯೂ ಅದು ಪ್ರೇಮಿಗಳ ಕಥೆಯಾಗಿ ಬರುವುದಿಲ್ಲ. ಅನಂತ್ ನಾಗ್ ಮಾಡಿದ ಮಿಠಾಯಿ ವ್ಯಾಪಾರಿ ಜಗನ್‌ನನ್ನೇ ನೋಡಿ. ಆರ್.ಕೆ. ನಾರಾಯಣ್ 1967ರಲ್ಲಿ ಬರೆದ ಕಾದಂಬರಿಯ ಕಥೆ ಅದು. ಅಮೆರಿಕಕ್ಕೆ ಹೋದ ಮಗ ಮಾಲಿ, ಗ್ರೇಸ್ ಎಂಬ ಹುಡುಗಿಯನ್ನು ಕರೆದುಕೊಂಡು ಮನೆಗೆ ಬರುತ್ತಾನೆ. ಗಾಂಧೀವಾದಿ ವಿಧುರ ಜಗನ್ ಕಷ್ಟಪಟ್ಟು ಅವಳನ್ನು ಸೊಸೆಯೆಂದು ಒಪ್ಪಿಕೊಳ್ಳುತ್ತಾನೆ, ಆಮೇಲೆ ಅವಳನ್ನು ಇಷ್ಟಪಡುವುದಕ್ಕೂ ಶುರುಮಾಡುತ್ತಾನೆ. ಅಷ್ಟರಲ್ಲಿ ಗೊತ್ತಾಗುತ್ತದೆ, ಇವರಿಗೆ ಮದುವೆಯೇ ಆಗಿಲ್ಲ. ಮಗನ ಪ್ರೇಮಪ್ರಕರಣದಿಂದ ಮಗನೇನೂ ಬದಲಾಗುವುದಿಲ್ಲ. ಬದಲಾಗುವವನು ಅಪ್ಪ. ತನ್ನ ಮದುವೆ ಹೇಗೆ ನಡೆಯಿತು, ಸತ್ತ ಹೆಂಡತಿಯೊಡನೆ ತಾನು ಹೇಗೆ ಬದುಕಿದೆ ಎಂದು ಅವನು ಹಿಂತಿರುಗಿ ನೋಡುವಂತಾಗುತ್ತದೆ. ಬೇರೆಯವರ ಪ್ರೀತಿ ಒಬ್ಬ ಮುದುಕನ ಒಳಗನ್ನು ತೆರೆದು ತೋರಿಸುವ ಈ ಉಪಾಯ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಸೀರಿಯಲ್ಲುಗಳಲ್ಲಿ ಪ್ರೀತಿಯನ್ನು ಯಾತಕ್ಕೆ ಬಳಸುತ್ತಾರೆ ಎಂದು ಯೋಚಿಸಲು ಹೊರಟರೆ ಟಿವಿಗಿಂತ ಹಿಂದಕ್ಕೆ ಹೋಗಬೇಕು. ನಮ್ಮ ಕಡೆ ಸೀರಿಯಲ್ ನೋಡುವವರಲ್ಲಿ ಬಹಳ ಜನ ಅದಕ್ಕೂ ಮೊದಲು ಯಕ್ಷಗಾನ ನೋಡಿದವರು. ‘ಚಂದ್ರಹಾಸ ಚರಿತ್ರೆ’ಯ ವಿಷಯೆ ಅವರಿಗೆ ಮನೆಮಗಳಷ್ಟು ಪರಿಚಿತಳು. ದುಷ್ಟಬುದ್ಧಿ ಮಗನಿಗೆ ಬರೆದ ಓಲೆಯಲ್ಲಿ ಚಂದ್ರಹಾಸನಿಗೆ ವಿಷ ಕೊಡು ಎಂದಿದೆ. ಉದ್ಯಾನದಲ್ಲಿ ಮಲಗಿದ್ದ ಚಂದ್ರಹಾಸನನ್ನು ಕಂಡು ಮನಸೋತ ವಿಷಯೆ ಆ ಓಲೆ ಓದಿ, ಕಣ್ಣಿನ ಕಾಡಿಗೆಯಿಂದ ಒಂದಕ್ಷರ ತಿದ್ದಿ ‘ವಿಷ’ವನ್ನು ‘ವಿಷಯೆ’ ಮಾಡುತ್ತಾಳೆ. ಮುಂದೇನು ಎನ್ನುವ ಕುತೂಹಲ ರಂಗದ ಮುಂದೆ ಕೂತ ಯಾರಿಗೂ ಇಲ್ಲ. ಎಲ್ಲರಿಗೂ ಕಥೆ ಗೊತ್ತು. ಆದರೂ ವಿಷಯೆಯ ವೇಷ ಚೆನ್ನಾಗಿದ್ದರೆ ಆ ಭಾಗ ಎಷ್ಟು ಹೊತ್ತು ಹೋದರೂ ಯಾರೂ ಏಳುವುದಿಲ್ಲ. ಅವರು ನೋಡುತ್ತಿರುವುದು ಒಬ್ಬ ಹುಡುಗಿ ಅಪ್ಪನ ಮಾತಿಗೂ ತನ್ನ ಆಸೆಗೂ ನಡುವೆ ನಿಂತು ಕೈ ಚಾಚುವುದನ್ನು. ತಿದ್ದುವ ಮೊದಲು ಅವಳು ಬರೀ ಮಂತ್ರಿಯ ಮಗಳು. ತಿದ್ದಿದ ಮೇಲೆ ಬೇರೆ.

ತೀರ್ಥಹಳ್ಳಿಯ ಕಾದಂಬರಿಗಳಲ್ಲಿಯೂ ಇದೇ ಇದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಂದದ್ದೂ 1967ರಲ್ಲೇ. ಚಿನ್ನಮ್ಮ ಸಿಂಬಾವಿ ಭರಮೈ ಹೆಗ್ಗಡೆಯ ಮದುವೆಯಿಂದ ತಪ್ಪಿಸಿಕೊಂಡು ಪೀಂಚಲುವಿನ ಜೊತೆ ರಾತ್ರಿ ಕಾಡು ಹತ್ತುತ್ತಾಳೆ. ಹಗಲಲ್ಲೇ ಹೆದರುವ ಒಕ್ಕಲಿಗರ ಮನೆಯ ಹುಡುಗಿ ಆ ಒಂದು ರಾತ್ರಿಯಲ್ಲಿ ಬೆಳೆದುಬಿಡುತ್ತಾಳೆ. ಅದೇ ಕಾಡಿನಲ್ಲಿ ಗುತ್ತಿ-ತಿಮ್ಮಿ, ಐತ-ಪೀಂಚಲು ಜೋಡಿಗಳೂ ಇವೆ. ಒಂದೊಂದು ಜಾತಿಗೆ, ಒಂದೊಂದು ಬಡತನಕ್ಕೆ ಪ್ರೀತಿಯ ಬೆಲೆ ಒಂದೊಂದು ಥರ. ತೀರ್ಥಹಳ್ಳಿಯಲ್ಲೇ ಹುಟ್ಟಿದ ಎಂ.ಕೆ. ಇಂದಿರಾ ಅವರ ಕಾದಂಬರಿಗಳಿಗೂ ಮದುವೆಯೇ ಮುಖ್ಯ ಕಂಬ, ಆದರೆ ಅವರ ಹೆಂಗಸರು ಆ ಕಂಬಕ್ಕೆ ಒರಗಿ ಕೂತವರಲ್ಲ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಓದಿ ಬೆಳೆದ ನಮ್ಮ ತಾಯಂದಿರು ಟಿವಿಯ ಧಾರಾವಾಹಿಗೆ ಬಂದದ್ದು ಈ ರುಚಿಯನ್ನು ನಾಲಿಗೆಯಲ್ಲಿ ಇಟ್ಟುಕೊಂಡೇ.

1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬಂದಾಗ ಅವರಿಗೆ ಅದು ತಕ್ಷಣ ಹಿಡಿಸಿದ್ದಕ್ಕೆ ಇದೂ ಕಾರಣ ಎಂದು ನನ್ನ ಅಂದಾಜು. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ ಆ ಧಾರಾವಾಹಿಯ ಜನ ಮಧ್ಯಮ ವರ್ಗದವರು. ಅವರು ಪ್ರೀತಿಸುವಾಗಲೂ ಸಂಬಳ, ಸಾಲ, ತಂಗಿಯ ಮದುವೆ, ಅಪ್ಪನ ಮರ್ಯಾದೆ ಎಲ್ಲ ಜೊತೆಗೇ ಇರುತ್ತಿದ್ದವು. ಆಮೇಲಿನ ಸೀತಾರಾಂ ಧಾರಾವಾಹಿಗಳಲ್ಲೂ ಪ್ರೀತಿ ಒಂದಲ್ಲ ಒಂದು ಸಲ ಜಾತಿಯ ಎದುರಿಗೋ ನ್ಯಾಯಾಲಯದ ಎದುರಿಗೋ ಬಂದು ನಿಲ್ಲುತ್ತದೆ, ಪಾತ್ರ ಆಗ ಬಾಯಿ ಬಿಡಲೇಬೇಕು. ಮಾತು ಜಾಸ್ತಿ ಎಂದು ಗೊಣಗುವವರಿದ್ದಾರೆ. ತಾಳಮದ್ದಳೆ ಕೇಳಿ ರೂಢಿಯಿದ್ದ ನಮ್ಮ ಕಡೆಯವರಿಗೆ ಅದು ದೋಷವೇ ಅಲ್ಲ.

ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದವರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿ. ಭೈರಪ್ಪನವರ ‘ಗೃಹಭಂಗ’ವನ್ನು ಅವರು ಈಟಿವಿ ಕನ್ನಡಕ್ಕೆ ಧಾರಾವಾಹಿ ಮಾಡಿದರು. ಅದರ ನಂಜಮ್ಮನಿಗೆ ಪ್ರೇಮವೇ ಇಲ್ಲ. ಚೆನ್ನಿಗರಾಯನಂಥ ಗಂಡ, ಗಂಗಮ್ಮನಂಥ ಅತ್ತೆ. ಗಂಡ ಮಾಡಬೇಕಾದ ಶ್ಯಾನುಭೋಗಿಕೆಯ ಲೆಕ್ಕ ಬರೆಯುವವಳು ಅವಳೇ, ಸಂಸಾರ ಎಳೆಯುವವಳೂ ಅವಳೇ. ಪ್ಲೇಗು ಮಕ್ಕಳನ್ನು ಒಯ್ಯುತ್ತದೆ. ಪ್ರೀತಿ ಬರಬೇಕಾದ ಜಾಗ ಖಾಲಿ ಇರುವುದರಿಂದಲೇ ಆ ಪಾತ್ರ ಅಷ್ಟು ದೊಡ್ಡದಾಗುತ್ತದೆ. ಯಾವ ಹೊತ್ತಿನಲ್ಲೂ ಅವಳ ಗಂಡ ಸುಧಾರಿಸಿ ಬಂದು ಕ್ಷಮೆ ಕೇಳುವುದಿಲ್ಲ.

ಸುಧಾರಿಸಿ ಬರುವ ಗಂಡ ಆಮೇಲೆ ಬಂದ. 2012ರ ಕೊನೆಯಲ್ಲಿ ಶುರುವಾದ ‘ಪುಟ್ಟಗೌರಿ ಮದುವೆ’, ಮರುವರ್ಷದ ‘ಲಕ್ಷ್ಮೀ ಬಾರಮ್ಮ’, ‘ಅಗ್ನಿಸಾಕ್ಷಿ’. ಇವನ್ನು ನೋಡದ ಮನೆ ಸಾಗರದ ಸುತ್ತ ಆಗ ಕಡಿಮೆ. ಮೊದಲನೆಯದು ಹಿಂದಿಯ ‘ಬಾಲಿಕಾ ವಧು’ವಿನ ದಾರಿ ಹಿಡಿದು ಬಾಲ್ಯವಿವಾಹದ ಗಂಭೀರ ವಿಷಯದಿಂದ ಹೊರಟಿತು. ಬಾಲ್ಯದಲ್ಲೇ ತಾಳಿ ಕಟ್ಟಿದ ಮಹೇಶ ದೊಡ್ಡವನಾಗಿ ಹಿಮಾಳನ್ನು ಬಯಸುತ್ತಾನೆ. ಪ್ರೀತಿಯ ಹಕ್ಕು ಯಾರದ್ದು ಎನ್ನುವ ಒಳ್ಳೆಯ ಪ್ರಶ್ನೆ ಅಲ್ಲಿತ್ತು. ಕೊನೆಕೊನೆಗೆ ಗೌರಿ ಪ್ರಪಾತದಿಂದ ಬಿದ್ದು, ಕಾಡಿನಲ್ಲಿ ಹುಲಿ ಹಾವುಗಳ ನಡುವೆ ಬದುಕಿ ಬಂದಳು. ರಾಜ್ಯವೆಲ್ಲ ನಕ್ಕಿತು. ಶರಾವತಿ ಕಾಡಿನ ಅಂಚಿನಲ್ಲಿ ಇರುವ ನಾವು ಸ್ವಲ್ಪ ಜಾಸ್ತಿಯೇ ನಕ್ಕೆವು.

ನಗುವುದು ಸುಲಭ. ಲೆಕ್ಕ ಹಾಕಿದರೆ ಬರೆಯುವವರ ಕಷ್ಟ ತಿಳಿಯುತ್ತದೆ. ವಾರಕ್ಕೆ 5 ಕಂತಾದರೆ ವರ್ಷಕ್ಕೆ 260. ಜಾಹೀರಾತು ಬಿಟ್ಟು ಒಂದು ಕಂತಿಗೆ 22 ನಿಮಿಷ ಹಿಡಿದರೂ ವರ್ಷಕ್ಕೆ 95 ಗಂಟೆ ಮೀರುತ್ತದೆ. ಅದೇ ಲೆಕ್ಕದಲ್ಲಿ ಶಂಕರ್ ನಾಗ್ ಅವರ 39 ಕಂತುಗಳು 14 ಗಂಟೆ ಚಿಲ್ಲರೆ. ‘ಅಗ್ನಿಸಾಕ್ಷಿ’ 2013ರಿಂದ 2020ರ ಜನವರಿಯವರೆಗೆ ಓಡಿತು. ಒಬ್ಬ ಸಿದ್ಧಾರ್ಥ, ಒಬ್ಬಳು ಸನ್ನಿಧಿ, 6 ವರ್ಷ. ಇಷ್ಟು ಉದ್ದಕ್ಕೆ ಯಾವ ಪ್ರೇಮವೂ ಬೆಳೆಯಲಾರದು, ಆದ್ದರಿಂದ ಅದನ್ನು ತಡೆಯುತ್ತ ಹೋಗಬೇಕು. ಓಲೆ ಕಳೆಯುತ್ತದೆ, ಅಪಾರ್ಥವಾಗುತ್ತದೆ, ನೆನಪು ಹೋಗುತ್ತದೆ, ಅಡುಗೆಮನೆಯ ಬಾಗಿಲಲ್ಲಿ ಒಬ್ಬಳು ನಿಂತು ಕದ್ದು ಕೇಳುತ್ತಾಳೆ.

ಉದ್ದ ಒಂದೇ ಕಾರಣವಲ್ಲ. ಈ ಕಾಲದ ಸೀರಿಯಲ್ಲುಗಳಲ್ಲಿ ಮದುವೆ ಮೊದಲು, ಪ್ರೀತಿ ಆಮೇಲೆ. ಒಪ್ಪಂದದ ಮದುವೆ, ಬಲವಂತದ ಮದುವೆ, ಅಕ್ಕನ ಬದಲು ತಂಗಿ ಹಸೆಮಣೆಗೆ ಏರಿದ ಮದುವೆ, ಹೇಗೋ ಒಂದು ತಾಳಿ ಬಿದ್ದುಬಿಡಬೇಕು. ಯಾಕೆಂದರೆ ಇಡೀ ಕುಟುಂಬ ಒಟ್ಟಿಗೆ ಕೂತು ನೋಡುವ ಹೊತ್ತಿನಲ್ಲಿ ಗಂಡ ಎನ್ನುವವನು ಅನುಮತಿ ಸಿಕ್ಕಿದ ಪ್ರೇಮಿ. ಕಣ್ಣಲ್ಲಿ ಕಣ್ಣಿಟ್ಟರೂ, ಮಳೆಯಲ್ಲಿ ಒಂದೇ ಕೊಡೆ ಹಿಡಿದರೂ ಯಾರಿಗೂ ಮುಜುಗರವಿಲ್ಲ. ಇದರಲ್ಲಿ ಕಳೆದುಹೋದದ್ದು ವಿಷಯೆಯ ಕಾಡಿಗೆ. ನಾಯಕಿ ಯಾರನ್ನೂ ಆರಿಸಿಕೊಳ್ಳಬೇಕಾಗಿಲ್ಲ. ಅವಳು ಮೊದಲ ಕಂತಿನಲ್ಲೇ ಪರಿಪೂರ್ಣಳು: ದೇವರ ದೀಪ ಹಚ್ಚುತ್ತಾಳೆ, ಕೆಲಸದವರನ್ನು ಬಹುವಚನದಲ್ಲಿ ಮಾತಾಡಿಸುತ್ತಾಳೆ, ಅತ್ತು ಮೂಗು ಒರೆಸಿಕೊಂಡು ಕ್ಷಮಿಸುತ್ತಾಳೆ. ಬದಲಾಗುವವನು ಗಂಡಸು. ಒರಟ ಶ್ರೀಮಂತ ಮೆತ್ತಗಾಗುತ್ತಾನೆ. ನೂರಾರು ಗಂಟೆಗಳ ಪ್ರೇಮ ಖರ್ಚಾಗುವುದು ಅವನ ಚಾರಿತ್ರ್ಯ ತಿದ್ದುವುದಕ್ಕೆ. ಪ್ರೀತಿಯ ಸೀರಿಯಲ್ಲನ್ನು ಹೆಂಗಸರಿಗಾಗಿ ಮಾಡಿದ್ದು ಎನ್ನುತ್ತಾರೆ, ಅದರಲ್ಲಿ ಬೆಳೆಯುವ ಪಾತ್ರ ಮಾತ್ರ ಹೆಣ್ಣಲ್ಲ.

ಇದನ್ನು ನಾನು ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸರ ಹತ್ತಿರ ಹೇಳಿದ್ದೆ. ಸುಗ್ಗಿಯಲ್ಲಿ ಸಂಜೆಯಾದರೆ ಜಗಲಿಯಲ್ಲಿ ಮೆಟ್ಟುಗತ್ತಿಗಳ ಸಾಲು, ಎದುರಿಗೆ ಟಿವಿ. ಕೈ ಅದರ ಪಾಡಿಗೆ ಸಿಪ್ಪೆ ಬಿಡಿಸುತ್ತಿರುತ್ತದೆ, ಕಣ್ಣು ಪರದೆಯ ಮೇಲೆ. ಅವರಲ್ಲಿ ವಯಸ್ಸಾದವರೊಬ್ಬರು ನನ್ನ ಮಾತನ್ನು ಒಪ್ಪಲಿಲ್ಲ. “ನಮ್ಮದೆಲ್ಲ ಮತ್ತೇನು? ಮುಖ ನೋಡಿದ್ದೇ ತಾಳಿ ಕಟ್ಟಿದ ಮೇಲೆ. ಅವರಿಗಾದರೂ ಆಮೇಲೆ ಪ್ರೀತಿ ಆಗ್ತದಲ್ಲ, ಆಗುವುದನ್ನು ನೋಡುವಾ ಅಂತ ನೋಡ್ತೇವೆ.” ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಂಜಮ್ಮನ ಬದುಕನ್ನೇ ಹತ್ತಿರದಿಂದ ಕಂಡವರು ಅವರು. ಗಂಡ ಕೊನೆಗಾದರೂ ಮೆತ್ತಗಾಗುವುದನ್ನು 6 ವರ್ಷ ಕಾದು ನೋಡುವುದರಲ್ಲಿ ಅವರಿಗೊಂದು ಲೆಕ್ಕಾಚಾರವಿದೆ. ವಿಮರ್ಶೆ ಬರೆಯುವ ನಮ್ಮಂಥವರು ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತೇವೆ.

ಆದರೆ ಅದೇ ಜಗಲಿಯಲ್ಲಿ ಇನ್ನೊಬ್ಬ ಪ್ರೇಕ್ಷಕನೂ ಇರುತ್ತಾನೆ. ಅವನ ಬಗ್ಗೆ ಯಾರೂ ಬರೆಯುವುದಿಲ್ಲ. ನಲವತ್ತು ಮುಟ್ಟಿದ, ತೋಟ ಇರುವ, ಮದುವೆಯಾಗದ ಗಂಡು. ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಊರಿಗೆ ಹೋದರೂ ಅಂಥವರು ಸಿಗುತ್ತಾರೆ. ಓದಿದ ಹುಡುಗಿಯರು ಬೆಂಗಳೂರಿಗೆ ಹೋದರು. ಹೋದದ್ದು ಅವರ ಹಕ್ಕು, ಅದರಲ್ಲಿ ತಪ್ಪು ಹುಡುಕುವವರ ಜೊತೆ ನಾನಿಲ್ಲ. ಹೊರರಾಜ್ಯಗಳ ಕಡೆಯಿಂದ ವಧುಗಳನ್ನು ಹುಡುಕುವ ಪ್ರಯತ್ನದ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ನಮ್ಮಲ್ಲಿ ಹೆಣ್ಣಿಗೆ ಈಗ ಆಯ್ಕೆ ಬಂದಿದೆ, ‘ಬೇಡ’ ಎನ್ನುವ ಬಾಯಿ ಬಂದಿದೆ. ಸೀರಿಯಲ್ಲಿನ ನಾಯಕಿಗೆ ಇಲ್ಲದ್ದು ಅದೇ.

ಒಂದು ಪ್ರೇಮಕಥೆಗೆ ಇದಕ್ಕಿಂತ ಒಳ್ಳೆಯ ನೆಲ ಬೇಕೇ? ಬರುವುದಿಲ್ಲ ಎಂದ ಹುಡುಗಿ, ಭಾಷೆ ಬಾರದ ಊರಿಂದ ಬಂದ ಸೊಸೆ, ಅವಳಿಗೆ ಅಪ್ಪೆಹುಳಿ ಕಲಿಸುವ ಅತ್ತೆ, ಇಬ್ಬರ ನಡುವೆ ಮಾತು ಹುಡುಕುವ ಗಂಡ. ಜಗನ್‌ನ ಮನೆಗೆ ಗ್ರೇಸ್ ಬಂದಾಗ ಆದದ್ದೆಲ್ಲ ಇಲ್ಲಿ ಇನ್ನೊಂದು ರೀತಿ ಆಗುತ್ತಿದೆ. ಮೈಲು ದೂರದ ಹೆಗ್ಗೋಡಿನಲ್ಲಿ ನೀನಾಸಮ್ 1980ರಿಂದ ನಟರನ್ನು ತಯಾರು ಮಾಡುತ್ತಿದೆ, ಅಲ್ಲಿ ಕಲಿತವರು ಸೀರಿಯಲ್ಲುಗಳಲ್ಲೂ ಕೆಲಸ ಮಾಡುತ್ತಾರೆ. ನಟರ ಬರವಿಲ್ಲ. ಆದರೂ ಪರದೆಯ ಮೇಲಿನ ನಾಯಕ ಕಂಪನಿಯ ಮಾಲೀಕನೇ ಆಗಿರಬೇಕು, ಮನೆಗೆ ಎರಡು ಕಡೆಯಿಂದ ಇಳಿಯುವ ಮೆಟ್ಟಿಲು ಇರಬೇಕು. ಮಲೆನಾಡು ಬರುವುದು ಹಾಡಿನ ಹಿನ್ನೆಲೆಯಲ್ಲಿ, ಮಂಜಿನ ಜೊತೆ.

ಕಳೆದ ಸುಗ್ಗಿಯಲ್ಲಿ ಅಂಥ ಒಂದು ಮದುವೆಯ ಮಹಾಸಂಚಿಕೆ ಬಂದ ದಿನ, ಪಕ್ಕದ ಮನೆಯ ಅವನು ಬುಟ್ಟಿ ಖಾಲಿ ಮಾಡಲು ಬಂದವನು ಸ್ವಲ್ಪ ಹೊತ್ತು ನಿಂತು ನೋಡಿದ. ನಾಯಕಿ ತಲೆ ಬಗ್ಗಿಸಿ ಕೂತಿದ್ದಳು. “ಅವಳನ್ನು ಯಾರಾದರೂ ಕೇಳಿದ್ರೇನು?” ಎಂದ. ಸುಲಿಯುತ್ತಿದ್ದವರು ನಕ್ಕರು. ಅವನು ಸಿಪ್ಪೆಯ ಬುಟ್ಟಿ ಎತ್ತಿಕೊಂಡು ಹೊರಗೆ ಹೋದ.