ಚುಂಗ್ ಲಿಂಗ್ ಸೂ
ಚುಂಗ್ ಲಿಂಗ್ ಸೂ (1861–1918): ಚೀನೀ ಜಾದೂಗಾರನೆಂದು ಬ್ರಿಟನ್ನಿನ ರಂಗಮಂದಿರಗಳಲ್ಲಿ ಹೆಸರಾದವನು; ನಿಜದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ವಿಲಿಯಂ ಎಲ್ಸ್‌ವರ್ತ್ ರಾಬಿನ್ಸನ್. ಹ್ಯಾರಿ ಕೆಲ್ಲರ್, ಅಲೆಕ್ಸಾಂಡರ್ ಹರ್ಮನ್ ಅವರ ಮೇಳಗಳಲ್ಲಿ ತೆರೆಮರೆಯಲ್ಲಿ ದುಡಿದ. 1900ರಲ್ಲಿ ಅಸಲಿ ಚೀನೀ ಜಾದೂಗಾರ ಚಿಂಗ್ ಲಿಂಗ್ ಫೂನನ್ನು ನಕಲು ಮಾಡಿ ವೇಷ ತೊಟ್ಟ. ಹೆಸರೂ ಹೆಚ್ಚುಕಡಿಮೆ ಕದ್ದದ್ದೇ. ನಮ್ಮ ಹಗಲುವೇಷದವರು ಸಂಜೆಗೆ ಬಣ್ಣ ತೊಳೆದುಕೊಳ್ಳುತ್ತಾರೆ. ಈತ ಸುಮಾರು 18 ವರ್ಷ ಜನರೆದುರು ತೊಳೆಯಲಿಲ್ಲ: ತಲೆ ಬೋಳಿಸಿ ಉದ್ದ ಜಡೆ ಇಳಿಬಿಟ್ಟ, ವೇದಿಕೆಯಲ್ಲಿ ಮೌನ ಹಿಡಿದ, ಪತ್ರಕರ್ತರೊಡನೆ ದುಭಾಷಿಯ ಮೂಲಕ ಮಾತಾಡಿದ. ಅಮೆರಿಕನ್ ಹೆಂಡತಿಯೂ ಸೂಯೀ ಸೀನ್ ಆದಳು.

ಹಾರಿಬರುವ ಗುಂಡು ಹಿಡಿಯುವುದು ಅವನ ಹೆಸರಾಂತ ಆಟ. ನಳಿಗೆಯ ಮದ್ದಿಗೆ ಕಿಡಿ ತಲುಪದಂತೆ ಮಾಡಿ, ಅದರ ಕೆಳಗಿನ, ಮದ್ದು ಜಡಿಯುವ ಗಜವನ್ನಿಡುವ ಕೊಳವೆಯಲ್ಲಿದ್ದ ಮದ್ದನ್ನಷ್ಟೇ ಸಿಡಿಸುವ ಉಪಾಯ ಅದು. ಆಟ ಮುಗಿದ ಮೇಲೆ ನಳಿಗೆಯನ್ನು ಹಾರಿಸಿ ಖಾಲಿ ಮಾಡುವ ಬದಲು ಬಂದೂಕನ್ನೇ ಬಿಚ್ಚುತ್ತಿದ್ದ. ವರ್ಷಗಟ್ಟಲೆ ಬಿಚ್ಚಿ ಜೋಡಿಸಿ ತಿರುಪು ಸವೆಯಿತು, ಸಂದಿಯಲ್ಲಿ ಮದ್ದಿನ ಪುಡಿ ಇಳಿಯಿತು. 1918ರ ಮಾರ್ಚ್ 23ರಂದು ಲಂಡನ್ನಿನ ವುಡ್ ಗ್ರೀನ್ ಎಂಪೈರ್‌ನಲ್ಲಿ ನಿಜವಾದ ಗುಂಡೇ ಎದೆ ಹೊಕ್ಕಿತು. ತೆರೆ ಇಳಿಸಿ ಎಂದು ಇಂಗ್ಲಿಷಿನಲ್ಲೇ ಕೂಗಿದ. ಮರುದಿನ ಸತ್ತ, ವಿಚಾರಣೆ ಅದನ್ನು ಆಕಸ್ಮಿಕ ಮರಣವೆಂದು ದಾಖಲಿಸಿತು.