ಮನೆಯೋ, ಸ್ಯಾನಿಟೋರಿಯಮ್ಮೋ? ಕ್ಷಯದ ಟ್ರಯಲ್‌ಗಳು ನಡೆದುಬಂದ ದಾರಿ

ಕ್ಲಿನಿಕಲ್ ಟ್ರಯಲ್ಲಿಗೆ ಇಂದಿನ ರೂಪ ಕೊಟ್ಟವರಲ್ಲಿ ಮುಖ್ಯರಾದ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞ. ಮೊದಲ ಮಹಾಯುದ್ಧದಲ್ಲಿ ಕ್ಷಯ ತಗುಲಿ ವೈದ್ಯರಾಗುವ ಆಸೆ ಕೈಬಿಟ್ಟವರು. ಎರಡನೇ ಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಕ್ಷಯದ ಹೊಸ ಔಷಧ ಸ್ಟ್ರೆಪ್ಟೊಮೈಸಿನ್ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಇದ್ದಷ್ಟನ್ನು ಯಾರಿಗೆ ಕೊಡಬೇಕೆಂಬುದನ್ನು ಹಿಲ್ ರೂಪಿಸಿದ ಟ್ರಯಲ್‌ನಲ್ಲಿ ಮುಚ್ಚಿದ ಲಕೋಟೆಗಳು ತೀರ್ಮಾನಿಸಿದವು. 1948ರ ವರದಿಯ ಪ್ರಕಾರ ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4, ಬರೀ ಹಾಸಿಗೆ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಜನ ತೀರಿಕೊಂಡಿದ್ದರು. ಔಷಧ ಸಿಗದವರಿಗೆ ತಾವು ಪ್ರಯೋಗದಲ್ಲಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಇಂದಿನ ಎಥಿಕ್ಸ್ ಕಮಿಟಿ ಅಂಥ ಕಡತವನ್ನು ಮುಟ್ಟುವುದೂ ಇಲ್ಲ.

1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ತೆರೆಯಿತು. ಅದನ್ನು ಕಟ್ಟಿ ನಡೆಸಲು ಬಂದವರು ಬ್ರಿಟಿಷ್ ವೈದ್ಯ ವ್ಯಾಲೆಸ್ ಫಾಕ್ಸ್. ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಬೆರಳೆಣಿಕೆಯಷ್ಟು. ಹಾಗಾಗಿ ಪ್ರಶ್ನೆಯೂ ಊರಿಗೆ ತಕ್ಕಂತೆ ಹುಟ್ಟಿತು: ಮನೆಯಲ್ಲೇ ಮಾತ್ರೆ ನುಂಗಿದರೆ ಸಾಲದೇ? ಟ್ರಯಲ್‌ಗೆ ಆರಿಸಿಕೊಂಡ ಬಡ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಸ್ಯಾನಿಟೋರಿಯಂ ಸೇರಿದರು. ಅಲ್ಲಿ ಒಳ್ಳೆಯ ಊಟ, ದಾದಿಯರು, ವಿಶ್ರಾಂತಿ ಎಲ್ಲ ಇತ್ತು. ಉಳಿದವರು ಇಕ್ಕಟ್ಟಾದ ಮನೆಗಳಲ್ಲೇ ಉಳಿದರು. ಎರಡೂ ಗುಂಪಿಗೆ ಒಂದು ವರ್ಷ ಐಸೋನಿಯಾಜಿಡ್ ಮತ್ತು ಪಾಸ್ ಎಂಬ ಔಷಧಗಳು. ಸಿಬ್ಬಂದಿ ಹೇಳದೆ ಕೇಳದೆ ಮನೆಗೆ ಹೋಗಿ ಮೂತ್ರದ ಮಾದರಿ ತರುತ್ತಿದ್ದರು. ಮಾತ್ರೆ ಹೊಟ್ಟೆಗೆ ಹೋಗಿದೆಯೋ ಕಸಕ್ಕೆ ಹೋಗಿದೆಯೋ ಅದರಿಂದ ತಿಳಿಯುತ್ತಿತ್ತು. 1959ರಲ್ಲಿ ಫಲಿತಾಂಶ ಹೊರಬಿತ್ತು. ಸ್ಯಾನಿಟೋರಿಯಂನವರು ಮೈ ತುಂಬಿಕೊಂಡಿದ್ದರು, ಆದರೆ ಗುಣವಾದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮನೆಮಂದಿಗೆ ರೋಗ ಹೆಚ್ಚು ಹರಡಿರಲೂ ಇಲ್ಲ. ಸ್ಯಾನಿಟೋರಿಯಂಗಳ ಕಾಲ ಮುಗಿಯುತ್ತಾ ಬಂತು. ಮುಂದೆ ಲಂಡನ್ನಿನಿಂದ ಫಾಕ್ಸ್ ಮುನ್ನಡೆಸಿದ ಟ್ರಯಲ್‌ಗಳು ಚಿಕಿತ್ಸೆಯ ಅವಧಿಯನ್ನು ಆರು ತಿಂಗಳಿಗೆ ಇಳಿಸುವುದಕ್ಕೆ ದಾರಿಮಾಡಿದವು.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅದರ ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ಪತ್ತೆಹಚ್ಚಿದ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅದಾಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು, ಕೆಮ್ಮಿನ ಔಷಧದ ಸೀಸೆ ಹಿಡಿದು ವಾಪಸಾಗಿದ್ದರು. ಹಳ್ಳಿಯವರಿಗೆ ತಿಳಿವಳಿಕೆ ಸಾಲದು ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಆಮೇಲೆ ಟ್ರಯಲ್ ಒಂದು ಉದ್ಯಮವಾಯಿತು. ಪ್ರೊಟೊಕಾಲ್ ಬರೆಯಲು, ಆಸ್ಪತ್ರೆಗಳನ್ನು ಆರಿಸಲು, ದಾಖಲೆ ತಾಳೆನೋಡಲು ಸಲಹೆಗಾರರು ಬಂದರು. ಭಾರತದಲ್ಲಿ 2009ರಿಂದ ಟ್ರಯಲ್‌ಗಳ ನೋಂದಣಿ ಕಡ್ಡಾಯ, 2019ರಲ್ಲಿ ಹೊಸ ನಿಯಮಾವಳಿ. ಇವೆಲ್ಲ ಬೇಕಾದವೇ. ಆದರೆ ಕಂಪನಿಯ ದುಡ್ಡಿನಲ್ಲಿ ನಡೆಯುವ ಟ್ರಯಲ್, ಮಾರಲಿಕ್ಕೆ ಏನೂ ಇಲ್ಲದ ಪ್ರಶ್ನೆಯನ್ನು ಎತ್ತುವುದು ಅಪರೂಪ.

ಅಂಥ ಪ್ರಶ್ನೆ ಎತ್ತಿದವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಇದ್ದಾರೆ. ಗುಣವಾಗಲು ಮಾತ್ರೆ ಸಾಕೆಂದು ಮದರಾಸು ತೋರಿಸಿತ್ತು. ರೋಗ ಬಾರದಂತೆ ತಡೆಯಲು ಊಟ ಸಾಕೇ? ಝಾರ್ಖಂಡ್‌ನಲ್ಲಿ ರೋಗಿಗಳ ಮನೆಮಂದಿಗೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ ಕೊಟ್ಟು ನೋಡಿದರು. 2023ರ ವರದಿಯಂತೆ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ತಗ್ಗಿತ್ತು.